ದೊಡ್ಡದು ಎಂಬ ಮಾತು

ಇರುವೆಯೊಂದು ನಕಾಶೆ ಹತ್ತಿದೆ, ಉತ್ತರದ ಕಾಡಿನಿಂದ ದಕ್ಷಿಣದ ಕೆರೆಯಂಗಳಗಳ ಕಡೆಗೆ ಯಾರನ್ನೂ ಕೇಳದೆ ಹೊರಟಿದೆ, ಎರಡು ದಿನದ ನಡಿಗೆಯನ್ನು ಒಂದೇ ಉಸಿರಿಗೆ ಮುಗಿಸಿಬಿಟ್ಟಿತಲ್ಲ ಇದು ಎಂದುಕೊಂಡ ದಾಬೆ, ಗಾಡಿಯ ಬಾನೆಟ್ಟಿನ ಮೇಲೆ ಹಾಸಿದ ಕಾಗದವನ್ನೂ ಅದರ ಮೇಲೆ ಓಡಾಡುವ ಯೋರ್ಗನ ಬೆರಳನ್ನೂ ನೋಡುತ್ತ – ಉಗುರು ಎಷ್ಟು ಚೊಕ್ಕಟವಾಗಿದೆ, ಬೇಟೆ ಮಾಡಿಸುವವನ ಉಗುರು ಇಷ್ಟು ಚೊಕ್ಕಟ ಇರಬಾರದು, ಆರ್ನೋನ ಉಗುರಿನಲ್ಲಿ ಯಾವಾಗಲೂ ಈ ನೆಲದ ಒಂದು ಚಿಟಿಕೆ ಇರುತ್ತಿತ್ತು, ಆರ್ನೋ ನಕಾಶೆ ಬಿಡಿಸುತ್ತಲೂ ಇರಲಿಲ್ಲ, ದಾಬೆಯ ಮುಖವನ್ನೇ ಬಿಡಿಸಿ ಓದುತ್ತಿದ್ದ, ಇಪ್ಪತ್ತು ವರ್ಷ ಓದಿದ, ಮೊಣಕಾಲು ಕೈಕೊಟ್ಟ ಮೇಲೆ ಸಮುದ್ರದ ದಂಡೆಯ ಊರಿಗೆ ಹೋಗಿ ಕೂತ, ಅವನ ಜಾಗಕ್ಕೆ ಈ ಯೋರ್ಗ್ ಬಂದು ಮೂರು ತಿಂಗಳು, ಒಳ್ಳೆಯ ಹುಡುಗನೇ, ಸಕ್ಕರೆಯನ್ನು ಕೈ ಬಿಚ್ಚಿ ಹಾಕುತ್ತಾನೆ ಚಹಾಕ್ಕೆ, ಆದರೆ ನಮ್ಮ ಮಾತು ಒಂದಕ್ಷರ ಬಾರದು. ಕೇಳ್ತಿದಾನೆ ಮಗಾ, ಉತ್ತರಾನೋ ದಕ್ಷಿಣಾನೋ, ಮೂರು ದಿನ ಸುತ್ತಿ ಬಂದಿದೀಯಲ್ಲ, ಏನ್ ಕಂಡೆ ಹೇಳು, ಎಂದಳು ಪಕ್ಕದಲ್ಲಿ ನಿಂತ ಖಾರು, ಕಾಡಿನ ಸಂಘದಿಂದ ದುಭಾಷಿ ಕೆಲಸಕ್ಕೆ ಬಂದವಳು. ಪರ್ಮಿಟ್ಟಿನಲ್ಲಿ ಒಂದೇ ಆನೆ, ಗಂಡಾನೆ, ಇನ್ನು ನಾಲ್ಕೇ ದಿನ. ಯಾವ ದಿಕ್ಕು ಎಂದು ದಾಬೆ ಹೇಳಿದರೆ ಗಾಡಿ ಆ ದಿಕ್ಕು, ಅಲ್ಲಿರುವ ಆನೆಗೆ ಅದೇ ಕೊನೆಯ ವಾರ, ಇಷ್ಟು ಸಣ್ಣ ಪ್ರಶ್ನೆ ಅದು.

ಖಾರುವಿಗೆ ಇಪ್ಪತ್ತೆರಡು ವರ್ಷ, ದಾಬೆಗೆ ಐವತ್ತು ದಾಟಿದೆ, ಆದರೂ ಅವಳು ತಾಯಿ ಇವನು ಮಗ, ಏಕೆಂದರೆ ಅವಳಿಗೆ ಇಟ್ಟಿರುವುದು ದಾಬೆಯ ತಾಯಿಯ ಹೆಸರು, ಹೆಸರು ಹೊತ್ತವಳು ನಂಟನ್ನೂ ಹೊರಬೇಕು, ತೊಟ್ಟಿಲಲ್ಲಿ ಮಲಗಿದ್ದಾಗಲೇ ಅವ್ವಾ ಅವ್ವಾ ಎಂದು ಆಡಿಸಿದ್ದ ಇವನು, ಈಗ ಅವಳು ಬಡ್ಡಿಸಮೇತ ತಾಯ್ತನ ಮಾಡುತ್ತಾಳೆ, ಮೂಗು ಒರೆಸ್ಕೊ ಮಗಾ, ತಂಬಾಕು ಕಡಿಮೆ ಮಾಡು ಮಗಾ, ಎಲ್ಲರ ಮುಂದೆ. ಪಾಪ, ಹೋದ ತಿಂಗಳು ಇವನ ದೆಸೆಯಿಂದಲೇ ಬೈಸಿಕೊಂಡಳು. ಎತ್ತಿನಷ್ಟು ಎತ್ತರದ ಜಿಂಕೆಯೊಂದನ್ನು ಹುಡುಕಿ ಬಂದು ದಾಬೆ ಹೇಳಿದ್ದು ಎಲ್ಲರೂ ಹೇಳುವ ಹಾಗೆಯೇ, ಅಯ್ಯೋ ಏನಿಲ್ಲ, ನನ್ನ ಕಣ್ಣೂ ಮಂಜು, ಒಂದು ಬಡಕಲು ಕರು ನಿಂತಿತ್ತು ಚಕ್ಕಳ ಎಲುಬು ಅಂಟಿಕೊಂಡು, ಸುಮ್ನೆ ಹೋಗಿ ಕಾಲು ಸವೆಸ್ಕೋಬೇಕು ಅಷ್ಟೆ – ಇದನ್ನು ಕೇಳಿದರೆ ನಮ್ಮವರು ಯಾರಾದರೂ ಚಾಕು ಮಸೆಯಲು ಕೂರುತ್ತಾರೆ. ದೊಡ್ಡ ಬೇಟೆ ಸಿಕ್ಕಿತು ಎಂದು ಬಾಯಿ ಬಿಟ್ಟು ಹೇಳುವವನು ನಮ್ಮಲ್ಲಿ ಹುಟ್ಟಿಲ್ಲ, ಹುಟ್ಟಿದರೂ ಹೆಂಗಸರು ಆಡಿಕೊಂಡೇ ಅವನನ್ನು ಸರಿಮಾಡುತ್ತಾರೆ, ಇಂಥ ಮೂಳೆ ಚೀಲ ಹೊರಿಸೋಕೆ ನಮ್ಮನ್ನ ಇಷ್ಟು ದೂರ ನಡೆಸಿದ್ಯಾ ಎಂದು, ಬೆನ್ನು ಬಾಗುವಷ್ಟು ಮಾಂಸ ಹೊತ್ತುಕೊಂಡೇ ಬೈಯುತ್ತಾರೆ, ಎದೆ ಉಬ್ಬಿದವನು ನಾಳೆ ನೆರೆಯವನನ್ನು ತುಳಿಯುತ್ತಾನಲ್ಲ, ಅದಕ್ಕೆ. ಆದರೆ ಖಾರು ಆಗ ಕೆಲಸಕ್ಕೆ ಹೊಸಬಳು, ಆಡಿದ್ದನ್ನು ಆಡಿದ ಹಾಗೇ ದಾಟಿಸುವುದೇ ದುಭಾಷಿಯ ಕೆಲಸ ಎಂದುಕೊಂಡು ಬಡಕಲು ಕರು ಎಂದದ್ದನ್ನು ಬಡಕಲು ಕರು ಎಂದೇ ಯೋರ್ಗನಿಗೆ ದಾಟಿಸಿದಳು, ಯೋರ್ಗ್ ಬೇರೆ ದಿಕ್ಕಿಗೆ ಗಾಡಿ ತಿರುಗಿಸಿದ, ಜಿಂಕೆ ತನ್ನ ಪಾಡಿಗೆ ಹೋಯಿತು, ಊರಿಗೆ ಊರೇ ಬರೀ ಗಂಜಿ ಕುಡಿದು ಮಲಗಿತು, ಸಂಘದ ಸಭೆಯಲ್ಲಿ ಮುದುಕಿಯರು ಖಾರುವನ್ನು ನೀರಿಲ್ಲದೆ ತೊಳೆದರು. ಅಂದಿನಿಂದ ಅವಳು ಒಂದು ಸೂತ್ರ ಮಾಡಿಕೊಂಡಿದ್ದಾಳೆ, ತಿರುವಿ ಹಾಕುವುದು, ದಾಬೆ ಸಣ್ಣದು ಎಂದರೆ ಅವಳು ದೊಡ್ಡದು ಎನ್ನುತ್ತಾಳೆ, ಏನೂ ಇಲ್ಲ ಎಂದರೆ ಬೇಗ ಹೊರಡಿ ಎನ್ನುತ್ತಾಳೆ, ಸೂತ್ರ ಇದುವರೆಗೆ ಒಮ್ಮೆಯೂ ತಪ್ಪಿಲ್ಲ.

ದುಡ್ಡು ಕೊಟ್ಟು ಬೇಟೆಗೆ ಬಂದ ಅತಿಥಿ, ದಂತ ಅವನಿಗೆ ಮಾಂಸ ಊರಿಗೆ, ಮಡಚು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದಾನೆ, ಕತ್ತು ಕೆಂಪಗೆ ಸುಟ್ಟಿದೆ, ಯಾವುದೋ ತಣ್ಣನೆಯ ದೇಶದವನು, ಹಸು ಸಾಕುವವನಂತೆ, ಬೇಲಿ ಕಂಡು ಕಂಡು ಸಾಕಾಗಿದೆ, ಬೇಲಿಯಿಲ್ಲದ ನೆಲದಲ್ಲಿ ಹುಡುಕಿಕೊಡಿ, ಸಿಕ್ಕದಿದ್ದರೆ ಬರಿಗೈಯಲ್ಲಿ ಹೋಗ್ತೀನಿ ಅಂದನಂತೆ ಯೋರ್ಗನಿಗೆ, ನದಿಯ ಕಡೆಯ ಕಾಡು ಬೇಡವೆಂದ, ತಂತಿಬೇಲಿಯೊಳಗೆ ಬೇಟೆಗೆಂದೇ ಪ್ರಾಣಿ ಸಾಕುವ ಫಾರಂಗಳು ಬೇಡವೆಂದ, ಒಂದು ವರ್ಷ ಯೋಚಿಸಿ ಈ ನೆಲ ಆರಿಸಿದ. ಆರಿಸಿದ್ದು ಸರಿಯೇ. ದಾಬೆಗೆ ಫಾರಂ ಗೊತ್ತು, ಮದುವೆಗೆ ಮುಂಚೆ ಎರಡು ಚಳಿಗಾಲ ಪಶ್ಚಿಮದ ಒಂದು ಫಾರಂನಲ್ಲಿ ಹೆಜ್ಜೆ ಹುಡುಕುವ ಕೆಲಸಕ್ಕಿದ್ದ, ಹೆಜ್ಜೆ ಹುಡುಕುವುದು ಏನು ಬಂತು, ತಂತಿಯ ಗುಂಟ ನಡೆದರೆ ಸಾಕು, ತಂತಿಯ ಒಳಗಡೆ ಒಂದು ಸವೆದ ದಾರಿ, ಪ್ರಾಣಿ ಅಲ್ಲಿಗೆ ಬಂದು ಮೂಗು ತಾಗಿಸಿ ತಿರುಗಿದ ಗುರುತು, ಮತ್ತೆ ಬಂದು ಮತ್ತೆ ತಿರುಗಿದ ಗುರುತು, ದಿನಾ ಅದೇ ಮೂಲೆ, ಓದುವುದಕ್ಕೇ ನಾಚಿಕೆಯಾಗುತ್ತಿತ್ತು, ಕೈಕಟ್ಟಿ ನಿಲ್ಲಿಸಿದವನ ಜೇಬು ತಡವಿದ ಹಾಗೆ. ಇಲ್ಲಿ ಹಾಗಲ್ಲ. ಇಲ್ಲಿ ಆನೆ ನಡೆದದ್ದೇ ದಾರಿ, ಅದಕ್ಕೆ ಮನಸ್ಸು ಬಂದರೆ ನಾಳೆ ಗಡಿ ದಾಟಿ ಪಕ್ಕದ ದೇಶದಲ್ಲಿ ನೀರು ಕುಡಿಯುತ್ತದೆ, ಅದು ಇಲ್ಲಿದೆ ಎಂದರೆ ಇರಬೇಕೆನಿಸಿ ಇದೆ, ದಕ್ಷಿಣದ ಆ ಕೆರೆಯಂಗಳದಲ್ಲಿ ಜಾಲಿಮರದ ಕೆಳಗೆ ಅದು ನಿಂತಿರುವುದೂ ಹಾಗೆಯೇ, ಯಾರೂ ಕಟ್ಟಿ ನಿಲ್ಲಿಸಿದ್ದಲ್ಲ.

ಅದು. ಮೊನ್ನೆಯಿಂದ ದಾಬೆ ಅದಕ್ಕೆ ಒಳಗೊಳಗೇ ಅದು ಎಂದಷ್ಟೇ ಹೇಳುತ್ತಿದ್ದಾನೆ, ಹೆಸರು ಹಿಡಿದರೆ ಎಲ್ಲಿ ಕೇಳಿಸಿಕೊಂಡೀತೋ ಎಂಬಂತೆ. ಮೊದಲು ಕಂಡದ್ದು ಹೆಜ್ಜೆ, ಮೆತ್ತನೆ ಮರಳಿನಲ್ಲಿ, ಬೆಳಗಿನ ಓರೆ ಬಿಸಿಲಿನಲ್ಲಿ, ಕುಕ್ಕರಗಾಲಿನಲ್ಲಿ ಕೂತು ಮೊಣಕೈಯನ್ನು ಅದರ ಅಂಚಿಗಿಟ್ಟ, ಬೆರಳ ತುದಿ ಇನ್ನೊಂದು ಅಂಚು ಮುಟ್ಟಲಿಲ್ಲ, ಇನ್ನೊಂದು ಅಂಗೈ ಸೇರಿಸಿದ, ಆಗ ಮುಟ್ಟಿತು, ತಪ್ಪಾಯಿತೇನೋ ಎಂದು ಮತ್ತೆ ಅಳೆದ. ಹಿಮ್ಮಡಿಯ ಕಡೆ ಸವೆದು ನುಣ್ಣಗಾಗಿದೆ, ನಡುವಿನ ಬಿರುಕುಗಳು ಮಾತ್ರ ಆಳ, ಲದ್ದಿಯಲ್ಲಿ ಹುಲ್ಲು ಉದ್ದುದ್ದಕ್ಕೆ ಹಾಗೇ ಇದೆ, ಅಗಿಯುವ ಹಲ್ಲು ಮುಗಿಯುತ್ತ ಬಂದಿದೆ, ಅಂದರೆ ದಾಬೆಗಿಂತ ಹಿರಿಯದು, ದಾಬೆಯ ತಾಯಿ – ಸತ್ತ ತಾಯಿ, ಈ ಖಾರು ಅಲ್ಲ – ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗೆಡ್ಡೆ ಅಗೆಯಲು ಹೋಗುತ್ತಿದ್ದಾಗಲೇ ಇದು ಈ ದಾರಿಯಲ್ಲಿ ನಡೆದಿರಬೇಕು. ಗಾಳಿ ಮುಖಕ್ಕೆ ಬರುವ ಹಾಗೆ ಬಳಸಿ ಹೋಗಿ ಹುತ್ತದ ಹಿಂದೆ ಕೂತ. ಪಾರಿವಾಳಗಳು ಕೂಗುತ್ತಿದ್ದವು, ಕೂಗುತ್ತಿದ್ದವು, ನಿಂತವು. ಅದು ಬಂದದ್ದು ಕೇಳಿಸಲೇ ಇಲ್ಲ, ಮರಗಳ ನಡುವೆ ಇದ್ದ ಬೆಳಕು ಕಡಿಮೆಯಾಯಿತು ಅಷ್ಟೆ, ನೋಡಿದರೆ ನಿಂತಿದೆ, ದಂತದ ತುದಿಗಳು ಮರಳಿಗೆ ತಾಗಿ ತಾಗಿ ಉಜ್ಜಿಹೋಗಿವೆ, ಒಂದು ಕಿವಿಯ ಅಂಚು ಹಳೆಯ ಚರ್ಮದ ಹಾಗೆ ಹರಿದಿದೆ, ದಾಬೆ ಉಸಿರು ಬಿಡುವುದನ್ನು ಮರೆತ, ಐವತ್ತು ವರ್ಷ ಆನೆ ನೋಡಿದವನಿಗೆ ತಾನು ಇಂದೇ ಮೊದಲ ಬಾರಿಗೆ ಆನೆ ನೋಡುತ್ತಿದ್ದೇನೆ ಎಂದು ಅನಿಸಿ ಕಣ್ಣಲ್ಲಿ ನೀರು ತುಂಬಿಕೊಂಡಿತು, ಹೆದರಿಕೆಯಲ್ಲ, ಹೆದರಿಕೆ ಗೊತ್ತು ಅವನಿಗೆ, ಇದು ಬೇರೆ, ಬೆನ್ನುಹುರಿಯ ಬುಡದಿಂದ ಬೆಚ್ಚಗೆ ಏರುವಂಥದ್ದು, ಬೆಂಕಿಯ ಸುತ್ತ ಮೈದುಂಬುವ ಹಾಡಿಗೆ ಕೂತ ದಿನ ಏರುವಂಥದ್ದು. ಆಮೇಲೆ ಅದು ದಾರಿಗೆ ಇಳಿಯಿತು. ಆ ದಾರಿಯಲ್ಲಿ ದಾಬೆಯ ಬರಿಗಾಲಿನ ಹೆಜ್ಜೆಗಳಿದ್ದವು. ಸೊಂಡಿಲು ಚಾಚಿತು, ಕಾಲು ಎತ್ತಿತು – ಇಲ್ಲಿಗೆ ಬಂದ ಕೂಡಲೇ ಮನಸ್ಸು ನಿಂತುಬಿಡುತ್ತದೆ, ಮುಂದಕ್ಕೆ ತಳ್ಳಿದರೆ ಹೋಗುವುದಿಲ್ಲ, ಎತ್ತಿದ ಕಾಲು, ಅದರ ಅಂಗಾಲಿನಿಂದ ಉದುರುವ ಮರಳು, ಅಷ್ಟೇ ಕಾಣುತ್ತದೆ.

ಯಾಕೋ ಮಗಾ, ನಿಂತಲ್ಲೇ ನಿದ್ದೆ ಹೊಡೀತಿದೀಯಾ, ಎಂದಳು ಖಾರು. ಹೇಳಬೇಕು, ಹೇಳಲೇಬೇಕು. ಉತ್ತರದಲ್ಲಿ ಏನಿದೆ ಎಂದು ಹೇಳಿಯಾಗಿದೆ, ಅಲ್ಲಿ ಗಂಡಾನೆಗಳ ಗುಂಪೊಂದಿದೆ, ನಡುವಯಸ್ಸಿನವು, ಹುಡುಕಿದರೆ ಪರ್ಮಿಟ್ಟಿಗೆ ಸಾಕಾಗುವಂಥದ್ದೊಂದು ಸಿಕ್ಕರೂ ಸಿಕ್ಕೀತು. ಆದರೆ ಉತ್ತರದಲ್ಲಿ ಬಿದ್ದದ್ದು ಉತ್ತರದ ಊರುಗಳ ಪಾಲು, ದಕ್ಷಿಣಕ್ಕೆ ಬರುವ ಹೊತ್ತಿಗೆ ಬರೀ ವಾಸನೆ, ದಕ್ಷಿಣ ಎಂದರೆ ಹೆಂಡತಿ ಚುಕೋಳ ತವರು, ಆ ಕೆರೆಯಂಗಳವೇ ಅವಳ ಅಪ್ಪನದು, ಅಲ್ಲಿ ಮಾಂಸದ ಮುಖ ನೋಡಿ ಎಷ್ಟು ದಿನವಾಯಿತೋ, ಮೇಲಾಗಿ ಅದೇ ಆನೆ ಊರಿನ ನೀರಿನ ತೊಟ್ಟಿಯ ಗೋಡೆ ಒಡೆದು ಹಾಕಿದೆ, ಹೆಂಗಸರು ಅರ್ಧ ದಿನ ನಡೆದು ನೀರು ತರುತ್ತಿದ್ದಾರೆ. ಮಾವ ಕಾಶೆಗೆ ಹಲ್ಲಿಲ್ಲ, ಅಳಿಯನ ಜೊತೆ ಮಾತೂ ಇಲ್ಲ, ಮಾವ ಅಳಿಯನೊಂದಿಗೆ ನೇರ ಮಾತಾಡಬಾರದು, ಅವನು ಒಲೆಯ ಕಡೆ ತಿರುಗಿ ಬೆಂಕಿಗೆ ಹೇಳಿದ, ಒಂದ್ಸಲ ಆನೆ ಕೊಬ್ಬು ನಾಲಿಗೆ ಮೇಲೆ ಕರಗಿದ್ರೆ ಸಾಕಿತ್ತು ನೋಡು, ಆಮೇಲೆ ಯಾವಾಗ ಹೋದ್ರೂ ಚಿಂತೆ ಇಲ್ಲ, ಬೆಂಕಿಗೆ ಹೇಳಿದ್ದನ್ನು ಅಳಿಯ ಕೇಳಿಸಿಕೊಳ್ಳಬೇಕು, ಅದೇ ಪದ್ಧತಿ. ಹೊರಡುವಾಗ ಚುಕೋ ಅಷ್ಟು ನಯ ಮಾಡಲಿಲ್ಲ, ಅಪ್ಪನ ಆಸೆ ಕೇಳಿಸ್ತಲ್ವಾ, ಕಿವಿ ಇದೆಯಲ್ಲ, ಬರಿಗೈಲಿ ಬಂದ್ರೆ ಗುಡಿಸಲ ಹೊರಗೇ ಮಲಗು, ಎಂದಳು. ಸರಿಯೇ ಅವಳು ಹೇಳಿದ್ದು. ಹೊಟ್ಟೆಗಿಂತ ದೊಡ್ಡದು ಏನಿದೆ, ಆನೆ ಕೊಲ್ಲುವುದೇನು ಪಾಪವೇ, ದಾಬೆ ಎಷ್ಟು ಆನೆಗಳ ಹೆಜ್ಜೆ ಹಿಡಿದು ಬೇಟೆಗಾರರನ್ನು ಒಯ್ದಿಲ್ಲ, ಎಷ್ಟು ಪಕ್ಕೆಲುಬು ಕಡಿದು ಹಂಚಿಲ್ಲ, ಎಷ್ಟು ಕೊಬ್ಬು ಬಾಯಿ ಚಪ್ಪರಿಸಿ ತಿಂದಿಲ್ಲ. ಹಾಗಾಗಿ ಹೇಳುವುದು, ನಮ್ಮ ಪದ್ಧತಿಯಂತೆ, ದಕ್ಷಿಣದಲ್ಲೇನಿದೆ ಅವ್ವಾ, ಒಂದು ಮುದಿ ಗೊಡ್ಡು, ತೊಗಲಿನ ಚೀಲ, ಮೊಂಡು ದಂತ, ನೋಡೋಕೂ ಲಾಯಕ್ಕಿಲ್ಲ, ಎನ್ನುವುದು. ಖಾರು ಅದನ್ನು ತಿರುವಿ ಹಾಕುತ್ತಾಳೆ, ಯೋರ್ಗ್ ಗಾಡಿಯನ್ನು ದಕ್ಷಿಣಕ್ಕೆ ಬಿಡುತ್ತಾನೆ, ಕಾಶೆಯ ನಾಲಿಗೆಯ ಮೇಲೆ ಕೊಬ್ಬು ಕರಗುತ್ತದೆ, ಎಲ್ಲವೂ ಸರಿಹೋಗುತ್ತದೆ. ಬಾಯಿ ತೆರೆದ. ಮುದಿ ಗೊಡ್ಡು ಎಂಬುದು ಗಂಟಲಲ್ಲಿ ಸಿದ್ಧವಾಗಿ ಕೂತಿತ್ತು, ನಾಲಿಗೆಗೆ ಬರಲಿಲ್ಲ, ಅದರ ಕಿವಿ ಬೀಸಿದ ಗಾಳಿ ಇನ್ನೂ ಮುಖದ ಮೇಲಿದೆ, ಅದನ್ನು ಗೊಡ್ಡು ಎನ್ನುವುದೆಂದರೆ ಹೇಗೆ, ಯಾವ ಬಾಯಿಂದ ಅನ್ನುವುದು, ಜಿಂಕೆಯನ್ನು ಅನ್ನಬಹುದು, ಎಷ್ಟೋ ಆನೆಗಳನ್ನೂ ಅಂದಿದ್ದಾನೆ, ಇದನ್ನು ಅನ್ನಲಾಗುವುದಿಲ್ಲ – ದೊಡ್ಡದು, ಎಂದ ದಾಬೆ. ದೊಡ್ಡದು ಅವ್ವಾ, ನಾನು ಹುಟ್ಟಿ ಇಂಥದ್ದು ಕಂಡಿಲ್ಲ.

ಮಾತು ಆಡಿದರೆ ಹೋಯಿತು. ಆಡಿದ್ದು ತನ್ನ ಬಾಯೇ ಎಂದು ನಂಬಿಕೆಯಾಗದೆ ಅವನು ತುಟಿ ಮುಟ್ಟಿ ನೋಡಿಕೊಂಡ, ಐವತ್ತು ವರ್ಷದಲ್ಲಿ ಒಮ್ಮೆಯೂ ಆಡದ ಮಾತು, ಈಗ ಇವಳು ನಾಚಿಸಿ ನೀರಿಳಿಸುತ್ತಾಳೆ, ಜಂಬದ ಕೋಳಿ ಎನ್ನುತ್ತಾಳೆ, ಊರಿಗೆಲ್ಲ ಹೇಳುತ್ತಾಳೆ. ಖಾರು ಅವನ ಮುಖ ನೋಡಿದಳು, ಕಿಸಕ್ಕೆಂದು ನಕ್ಕಳು, ನಗು ತಡೆಯಲಾರದೆ ಬಾನೆಟ್ಟಿಗೆ ಕೈಯೂರಿದಳು, ಅಯ್ಯೋ ನನ್ನ ಮಗನೇ, ಅಷ್ಟೊಂದು ಬರಡಾ ದಕ್ಷಿಣ, ಇಲಿ ಕೂಡ ಇಲ್ವಾ, ಎಂದು ಕಣ್ಣೊರೆಸಿಕೊಂಡು ಯೋರ್ಗನ ಕಡೆ ತಿರುಗಿ ಏನೋ ಹೇಳಿದಳು, ಅದರಲ್ಲಿ ನಿಕ್ಸ್ ಎಂಬ ಮಾತಿತ್ತು. ದಾಬೆಗೆ ಅವರ ಭಾಷೆಯಲ್ಲಿ ಗೊತ್ತಿರುವ ಹತ್ತು ಮಾತುಗಳಲ್ಲಿ ಅದೂ ಒಂದು, ಎಡ, ಬಲ, ನಿಲ್ಲು, ನೀರು, ನಿಕ್ಸ್, ಏನೂ ಇಲ್ಲ. ತಿರುವಿ ಹಾಕಿದ್ದಾಳೆ! ದೊಡ್ಡದನ್ನು ತಿರುವಿ ಏನೂ ಇಲ್ಲ ಮಾಡಿದ್ದಾಳೆ, ಅವಳದೇನು ತಪ್ಪು, ಹುಟ್ಟಿದಾಗಿನಿಂದ ಯಾವ ಬೇಟೆಗಾರನ ಬಾಯಲ್ಲೂ ಕೇಳದ ಮಾತು, ತಮಾಷೆಯೆಂದೇ ತಿಳಿದಳು. ಯೋರ್ಗ್ ಆಗಲೇ ನಕಾಶೆ ಮಡಚುತ್ತಿದ್ದಾನೆ, ಅತಿಥಿ ಕನ್ನಡಕ ಏರಿಸಿ ಎದ್ದ, ಗಾಡಿ ಗುರ್ ಎಂದಿತು, ಹೇಳು ದಾಬೆ, ಈಗಲೇ ಹೇಳು, ಅಲ್ಲವ್ವಾ ನಾನು ನಿಜವಾಗಿ ಅಂದದ್ದು ಎಂದು ತೋಳು ಹಿಡಿದು ಹೇಳು, ಕಾಲುಗಳು ಮಾತ್ರ ತಮ್ಮ ಅಭ್ಯಾಸದಂತೆ ಗಾಡಿಯ ಹಿಂಬದಿ ಹತ್ತಿದವು, ಎತ್ತರದ ಸೀಟಿನಲ್ಲಿ ಕೂರಿಸಿದವು, ಗಾಳಿ ಮುಖಕ್ಕೆ ಹೊಡೆಯಿತು.

ಮೊದಲ ಜಾಲಿಮರ ದಾಟಿತು, ಎರಡನೆಯದು, ಮೂರನೆಯದರ ಹತ್ತಿರ ದಾರಿ ಕವಲಾಗುತ್ತದೆ, ಎಡಕ್ಕೆ ಉತ್ತರ, ಬಲಕ್ಕೆ ದಕ್ಷಿಣ. ತಾನು ಹೆಜ್ಜೆ ಓದುವವನು, ಓದಿದ್ದನ್ನು ಬಚ್ಚಿಟ್ಟವನಲ್ಲ, ಬಚ್ಚಿಟ್ಟರೆ ಕಣ್ಣಿನ ಗುಣ ಹೋಗುತ್ತದೆ ಎಂದು ತಾಯಿಯೇ ಹೇಳಿದ್ದಳು, ಕಾಶೆ ಬೆಂಕಿಯ ಮುಂದೆ ಕೂತು ಬರಿ ಬಾಯಿ ಅಗಿಯುತ್ತಿದ್ದಾನೆ, ಗಾಡಿಯ ಬಲಗಡೆ ಎರಡು ಸಲ ತಗಡು ತಟ್ಟಿದರೆ ಮುಗಿಯಿತು, ಯೋರ್ಗನಿಗೆ ಆ ಮಾತಿಗೆ ದುಭಾಷಿ ಬೇಡ. ಕೈ ಎತ್ತಿದ. ಎತ್ತಿದ ಕೈ ಕಂಡ ಕೂಡಲೇ ಮನಸ್ಸಿನಲ್ಲಿ ನಿಂತುಹೋಗಿದ್ದ ಮೊನ್ನೆಯ ನೋಟ ಮುಂದಕ್ಕೆ ಹರಿಯಿತು – ಅದು ಸೊಂಡಿಲ ತುದಿಯನ್ನು ಅವನ ಹೆಜ್ಜೆಯ ಮೇಲೆ ಆಡಿಸಿತು, ಹಿಮ್ಮಡಿಯಿಂದ ಬೆರಳುಗಳವರೆಗೆ, ನಿಧಾನವಾಗಿ, ಅವನೇ ಓದುವ ಹಾಗೆ, ಒಂದೊಂದೇ ಬೆರಳನ್ನು, ಇಷ್ಟು ವರ್ಷ ಊರಿಗೆಲ್ಲ ಹೆಜ್ಜೆ ಓದಿದ ದಾಬೆಯ ಹೆಜ್ಜೆಯನ್ನು ಯಾರೂ ಒಮ್ಮೆಯೂ ಓದಿರಲಿಲ್ಲ, ಹುತ್ತದ ಹಿಂದೆ ಅವನಿರುವುದು ಅದಕ್ಕೆ ತಿಳಿಯಿತು, ಖಂಡಿತ ತಿಳಿಯಿತು, ಈ ಕಡೆ ತಿರುಗಿ ಒಮ್ಮೆ ನೋಡಿತು ಕೂಡ, ಆಮೇಲೆ ಕಾಲು ಎತ್ತಿತು, ಕಾಲು ಅವನ ಹೆಜ್ಜೆಯ ನೇರ ಮೇಲಕ್ಕೆ ಬಂತು, ಅಲ್ಲೇ ನಿಂತಿತು, ಬಿರುಕು ಬಿರುಕಿನ ಅಂಗಾಲಿನಿಂದ ಮರಳು ಉದುರುತ್ತ, ಅಷ್ಟು ಭಾರ ಗಾಳಿಯಲ್ಲಿ ತೂಗುತ್ತ, ಊರಬಹುದಿತ್ತು, ಯಾರು ಕೇಳುತ್ತಿದ್ದರು, ದಾರಿಯೇ ಅದರದು, ಊರಲಿಲ್ಲ.

ಏನೋ ಮಗಾ, ಕೈ ಎತ್ತಿದೀಯಾ, ಏನಾದ್ರೂ ಕಾಣ್ತಾ, ಖಾರು ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದಾಳೆ, ಗಾಡಿ ನಿಧಾನವಾಯಿತು, ಕವಲು ಕಾಣುತ್ತಿದೆ. ಏನೂ ಇಲ್ಲವ್ವಾ ಎನ್ನಬೇಕೆಂದುಕೊಂಡ, ಹಾಗೆಂದರೆ ಕೆಟ್ಟಿತು, ತಿರುವಿ ಹಾಕುತ್ತಾಳೆ, ಏನೂ ಇಲ್ಲ ಎಂದರೆ ಅವಳಿಗೆ ಏನೋ ಇದೆ, ಸುಮ್ಮನಿರುವುದೆಂದರೆ ಕೈ ಎತ್ತಿಯಾಗಿದೆ, ಯೋರ್ಗನ ಕಣ್ಣು ಕನ್ನಡಿಯಲ್ಲಿ ಈ ಕೈಯನ್ನೇ ನೋಡುತ್ತಿದೆ. ಉಳಿದದ್ದು ಒಂದೇ ಮಾತು. ಅದನ್ನು ಆಡಿದರೆ ಕಾಶೆಗೆ ಕೊಬ್ಬಿಲ್ಲ, ಹೆಂಗಸರು ನೀರಿಗೆ ಇನ್ನೂ ನಡೆಯಬೇಕು, ಚುಕೋ ನಿಜವಾಗಿಯೂ ಹೊರಗೆ ಮಲಗಿಸುತ್ತಾಳೆ, ಮಲಗುತ್ತೇನೆ, ಚಳಿಯಲ್ಲಿ ಮಲಗುತ್ತೇನೆ, ನಾಳೆಯಿಂದ ತೊಟ್ಟಿಗೆ ಕಲ್ಲು ಹೊರುತ್ತೇನೆ. ದೊಡ್ಡದು ಕಣವ್ವಾ, ಎಂದು ಕೂಗಿದ ದಾಬೆ, ಗಂಟಲು ಬಿಚ್ಚಿ, ಆ ಬಲಗಡೆ ನೋಡು, ನಿನ್ನಪ್ಪನ ಕಾಲದ್ದು, ದಂತ ಮರಳು ಗೀರ್ತವೆ, ಅದು ಬಂದ್ರೆ ಹಕ್ಕಿ ಕೂಗೋದು ನಿಲ್ಲಿಸ್ತವೆ, ನಾನು ಅತ್ತುಬಿಟ್ಟೆ ಕಣವ್ವಾ ಅದನ್ನ ನೋಡಿ, ಒಂದಕ್ಷರವೂ ಸುಳ್ಳಲ್ಲ, ಕೂಗುತ್ತ ಕೂಗುತ್ತ ದನಿ ಒಡೆಯಿತು, ಖಾರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ಸಾಕು ಮಾಡೋ, ನಕ್ಕು ನಕ್ಕು ಸಾಯ್ತೀನಿ, ಎನ್ನುತ್ತ ಯೋರ್ಗನಿಗೆ ಕೈಯಾಡಿಸಿದಳು, ಏನೂ ಇಲ್ಲ, ನಡಿ, ಗಾಡಿ ಎಡಕ್ಕೆ ವಾಲಿತು, ಬಲಗಡೆಯ ದಾರಿ ಹುಲ್ಲಿನಲ್ಲಿ ಕಿರಿದಾಗುತ್ತ ಹಿಂದೆ ಹೋಯಿತು, ಧೂಳು ಎದ್ದಿತು, ದಾಬೆಗೆ ಧೂಳು ಕಾಣಲಿಲ್ಲ, ದಾರಿ ಕಾಣಲಿಲ್ಲ, ಕಾಲು ಮೇಲೆಯೇ ಇದೆ, ಮರಳು ಉದುರುತ್ತಿದೆ, ಕಾಲು ಇನ್ನೂ ಮೇಲೆಯೇ, ಕೆಳಗೆ ತನ್ನ ಹೆಜ್ಜೆಯ ಐದು ಬೆರಳು, ಒಂದೂ ಅಳಿಸಿಲ್ಲ.